ವಾರಕ್ಕೊಂದು ಪಿರಿಯಡ್ಡಿನ ಸಂಗೀತ

ಕರ್ನಾಟಕ ಸಂಗೀತವನ್ನು ಹೈಸ್ಕೂಲಿನ ವಾರಕ್ಕೊಂದು ಪಿರಿಯಡ್ಡಿನಲ್ಲೂ ಆಮೇಲೆ ಸಂಗೀತ ಶಾಲೆಯಲ್ಲೂ ಕಲಿತ ನಮ್ಮಂಥವರಿಗೆ ಹಾಡುಗಳಿಗಿಂತ ಹೆಚ್ಚಾಗಿ ನೆನಪಿರುವುದು ಶ್ರುತಿಯ, ಅಂದರೆ ಹಾಡಿಗೆ ಆಧಾರವಾದ ಸ್ವರದ, ಪಾಡು. ಸಂಗೀತ ಶಾಲೆಯಲ್ಲಿ ತಂಬೂರಿ ಶ್ರುತಿಗೆ ಬಾರದೆ ಪಾಠ ಶುರುವಾಗದು. ನಾಲ್ಕು ತಂತಿಗಳನ್ನು ಹೊಂದಿಸಬೇಕು: ಪಂಚಮ (ಪ), ಷಡ್ಜದ (ಸ) ಎರಡು ಸಾರಣೆ, ಕೊನೆಗೆ ಕೆಳಗಿನ ಸ್ಥಾಯಿಯ ಮಂದ್ರ ಷಡ್ಜ. ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯಡಿ ಇಟ್ಟ ಜೀವಾಳದ ದಾರ ಒಂದಿಷ್ಟು ಸರಿದರೂ ಝೇಂಕಾರ ಸತ್ತುಹೋಗುತ್ತದೆ. ಇದಕ್ಕೇ ಹತ್ತು ನಿಮಿಷ ಬೇಕು. ಹೈಸ್ಕೂಲಿನ 40 ನಿಮಿಷದ ಪಿರಿಯಡ್ಡಿನಲ್ಲಿ ಅದು ಆಗದ ಮಾತು, ಒಂದೇ ಸಮನೆ ಶ್ರುತಿ ನುಡಿಸುವ ಶ್ರುತಿಪೆಟ್ಟಿಗೆಯೇ ಗತಿ. ಅದರಲ್ಲಿ ತಪ್ಪೇನೂ ಇಲ್ಲ.

ಎಡವಟ್ಟಾಗುವುದು ಎಲ್ಲರಿಗೂ ಒಂದೇ ಶ್ರುತಿ ಇಟ್ಟಾಗ. ಹುಡುಗಿಯರಿಗೆ ಒಗ್ಗುವ ಎತ್ತರದ ಐದೂವರೆ ಶ್ರುತಿಯಲ್ಲಿ, ದನಿ ಒಡೆಯುತ್ತಿರುವ ಹುಡುಗರು ತಾರ ಷಡ್ಜ (ಮೇಲಿನ ಸ) ಮುಟ್ಟಲಾರರು. ಕಿರುಚುತ್ತಾರೆ, ಇಲ್ಲವೇ ಬರೀ ತುಟಿ ಆಡಿಸುತ್ತಾರೆ. ಸಂಗೀತ ಶಾಲೆಯಲ್ಲಾದರೆ ಒಬ್ಬೊಬ್ಬರಿಗೂ ಶ್ರುತಿ ಬದಲಾಗುತ್ತದೆ. ತರಗತಿಯಲ್ಲಿ ಎರಡು ಗುಂಪು ಮಾಡಿ, ಒಂದು ಹಾಡುವಾಗ ಇನ್ನೊಂದರಿಂದ ತಾಳ ಹಾಕಿಸಿದರೆ ಸಾಕು.

ಆರಂಭದ ಪಾಠಗಳ ರಾಗವಾದ ಮಾಯಾಮಾಳವಗೌಳದ ಶುದ್ಧ ರಿಷಭ (ಕೆಳಗಿನ ರಿ) ಇನ್ನೊಂದು ಗಂಡಾಂತರ. ದಿನವೂ ಕೇಳುವ ಹಾಡುಗಳಲ್ಲಿ ಅದಕ್ಕಿಂತ ಎತ್ತರದ ಚತುಶ್ರುತಿ ರಿಷಭವೇ ಹೆಚ್ಚು, ಕಿವಿ ಅದಕ್ಕೆ ಪಳಗಿರುತ್ತದೆ. ಹಾಗಾಗಿ ಷಡ್ಜಕ್ಕೆ ಅಂಟಿಕೊಂಡಿರಬೇಕಾದ ಸ್ವರ ಮೆಲ್ಲಗೆ ಮೇಲೇರುತ್ತದೆ. ನಲವತ್ತು ದನಿಗಳ ನಡುವೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬೊಬ್ಬರಿಂದ ‘ಸ ರಿ ಸ’ ಎಳೆದು ಹಾಡಿಸಬೇಕು. ಸಂಗೀತ ಶಾಲೆಯಲ್ಲಿ ದಿನಾ ನಡೆಯುವುದು ಇದೇ. ಅಲ್ಲಿ ಅಡಗಿಕೊಳ್ಳಲು ಪಕ್ಕದವರ ದನಿ ಸಿಗುವುದಿಲ್ಲ.

ತಾಳದ ವಿಷಯ ಬೇರೆ. ಅದನ್ನು ಹೈಸ್ಕೂಲಿನಲ್ಲೂ ಚೆನ್ನಾಗಿಯೇ ಕಲಿಸಬಹುದು, ವಾರ್ಷಿಕೋತ್ಸವದ ಒಂದು ಹಾಡಿಗೆ ಪಿರಿಯಡ್ಡುಗಳನ್ನೆಲ್ಲ ಸುರಿಯದಿದ್ದರೆ. ಮೊದಲ ಸ್ವರಪಾಠವಾದ ಸರಳೆಯಲ್ಲಿ ಆದಿತಾಳದ 8 ಅಕ್ಷರಕ್ಕೆ (ಎಣಿಕೆಗೆ) ಒಂದನೇ ಕಾಲದಲ್ಲಿ (ವೇಗದಲ್ಲಿ) 8 ಸ್ವರ, ಎರಡರಲ್ಲಿ 16, ಮೂರರಲ್ಲಿ 32. ಕೈಯ ನಡೆ ಮಾತ್ರ ಬದಲಾಗಕೂಡದು. ಬಾಯಿ ಓಡಿದಂತೆ ಕೈಯೂ ಓಡುವುದು ಎಲ್ಲರ ಕಾಯಿಲೆ. ಮೂರನೇ ಕಾಲದಿಂದ ನಿಲ್ಲಿಸದೆ ಒಂದನೇ ಕಾಲಕ್ಕೆ ಇಳಿಸಿ ನೋಡಿದರೆ ಕೈಯ ಕಳ್ಳತನ ಬಯಲಾಗುತ್ತದೆ.

ಬೇರೆ ಬೇರೆ ತಾಳಗಳ ಸ್ವರಪಾಠಗಳಾದ ಅಲಂಕಾರಗಳಲ್ಲಿ ಝಂಪೆ ತಾಳದ್ದು ಇನ್ನೂ ಮೋಜು. ತಾಳದ ಮೊದಲ ಭಾಗವಾದ 7 ಅಕ್ಷರದ ಲಘುವಿಗೆ ಒಂದು ಪೆಟ್ಟು, ಆರು ಬೆರಳೆಣಿಕೆ. ಕಿರುಬೆರಳಿನಿಂದ ಹೆಬ್ಬೆರಳಿಗೆ ಬಂದರೆ ಐದೇ ಆಯಿತು, ಆರನೆಯದಕ್ಕೆ ಮತ್ತೆ ಕಿರುಬೆರಳಿಗೆ ಹೋಗಬೇಕು. ಅದನ್ನು ಮರೆತವರು ಉಳಿದ ಮೂರೂ ಸೇರಿ 10 ಅಕ್ಷರದ ಆವರ್ತವನ್ನು (ತಾಳದ ಒಂದು ಸುತ್ತನ್ನು) ಒಂಬತ್ತಕ್ಕೇ ಮುಗಿಸಿ, ಮುಂದಿನ ಪೆಟ್ಟಿಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ.