ಆ ಎಂಬತ್ತು ದಿನ ಎಂದಿನಿಂದ ಲೆಕ್ಕ?

ಬೇಸಿಗೆ ಚಿಕ್ಕದಾಗಿರುವ ಊರುಗಳಲ್ಲಿ ಕೈತೋಟ ಮಾಡುವವರು ಬೀಜ ಹಂಚಿಕೊಳ್ಳಲು ಸೇರುವ ಕೂಟವೊಂದಕ್ಕೆ ಕಳೆದ ಭಾನುವಾರ ಹೋಗಿದ್ದೆ. ಅಲ್ಲಿ ಹಿರಿಯ ಹೆಂಗಸೊಬ್ಬರು ಒಬ್ಬ ಹುಡುಗನಿಗೆ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಲೇ ಇದೆ.

ಹುಡುಗನಿಗೆ ಇದು ಮೊದಲ ವರ್ಷದ ತೋಟ. ಅಂಗೈ ತುಂಬುವಷ್ಟು ದೊಡ್ಡ ಹಣ್ಣಿನ ಚಿತ್ರವಿದ್ದ ಟೊಮೆಟೊ ಬೀಜದ ಪೊಟ್ಟಣವೊಂದನ್ನು ಅವನು ಹಿಡಿದಿದ್ದ, ಅದರ ಮೇಲೆ ‘80 ದಿನ’ ಎಂದು ಮುದ್ರಿಸಿತ್ತು. ತನ್ನ ತೋಟದಲ್ಲಿ ವಸಂತದ ಕೊನೆಯ ಹಿಮಕ್ಕೂ ಶರತ್ಕಾಲದ ಮೊದಲ ಹಿಮಕ್ಕೂ ನಡುವೆ ಸುಮಾರು 110 ದಿನ ಸಿಗುತ್ತದೆ, ಎಂಬತ್ತು ಕಳೆದರೂ ಒಂದು ತಿಂಗಳು ಉಳಿಯುತ್ತದೆ ಎಂದು ಅವನು ಸಂತೋಷದಿಂದ ಲೆಕ್ಕ ಹೇಳಿದ. ಆಗ ಆಕೆ, “ಈ ಎಂಬತ್ತು ದಿನ ಎಂದಿನಿಂದ ಲೆಕ್ಕ ಕಣಪ್ಪಾ?” ಎಂದರು. “ಬೀಜ ಹಾಕಿದ ದಿನದಿಂದ ತಾನೇ ಅಮ್ಮಾ?” ಎಂದ ಹುಡುಗ. ಆಕೆ ಪೊಟ್ಟಣವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಬರೆದಿಲ್ಲ ನೋಡು,” ಎಂದು ಅದನ್ನು ಅವನ ಕೈಗೇ ಕೊಟ್ಟರು.

ಟೊಮೆಟೊ ಬೀಜದ ಪೊಟ್ಟಣದ ಮೇಲಿನ ದಿನಗಳನ್ನು ವಾಡಿಕೆಯಂತೆ ಎಣಿಸುವುದು ಬಿತ್ತಿದ ದಿನದಿಂದಲ್ಲ, ಆರರಿಂದ ಎಂಟು ವಾರ ಬೆಳೆದ ಸಸಿಯನ್ನು ನೆಲದಲ್ಲಿ ನಾಟಿ ಮಾಡಿದ ದಿನದಿಂದ. ಆ ಎಣಿಕೆ ಮುಗಿಯುವುದೂ ಮೊದಲ ಹಣ್ಣು ಕೆಂಪಾದಾಗ, ಗಿಡ ತುಂಬ ಹಣ್ಣಾದಾಗಲ್ಲ. ಆ ಹುಡುಗ ಬೀಜವನ್ನು ನೇರವಾಗಿ ಪಾತಿಗೇ ಹಾಕಿದ್ದರೆ ಮೊದಲ ಹಣ್ಣಿಗೆ ಮುನ್ನವೇ ಹಿಮ ಬಿದ್ದು ಗಿಡ ಕಪ್ಪಾಗುತ್ತಿತ್ತು. ಮನೆಯೊಳಗೆ ಸಸಿ ಮಾಡಿಕೊಂಡರೂ ಕೊನೆಯ ಹಿಮದ ಮರುದಿನವೇ ನೆಡಲು ಬರುವುದಿಲ್ಲ. ಮಣ್ಣು ಕನಿಷ್ಠ 15 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಬೆಚ್ಚಗಾಗಬೇಕು, ರಾತ್ರಿಗಳು 10 ಡಿಗ್ರಿಗಿಂತ ಕೆಳಗೆ ಇಳಿಯುವುದು ನಿಲ್ಲಬೇಕು, ಸಸಿಯನ್ನು ಕೆಲವು ದಿನ ಸ್ವಲ್ಪ ಸ್ವಲ್ಪವೇ ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸಬೇಕು. ಇದಕ್ಕೆ ಸುಲಭವಾಗಿ ಎರಡು ವಾರ ಹೋಗುತ್ತದೆ. ಉಳಿದ 95 ದಿನಗಳಲ್ಲಿ ಎಂಬತ್ತನ್ನು ಕಳೆದರೆ ಸಿಗುವ ಎರಡು ವಾರವೂ ತಂಪು ರಾತ್ರಿಗಳದ್ದು. ಇಷ್ಟನ್ನೂ ತಿಳಿಸಲು ಪೊಟ್ಟಣದ ಮೇಲೆ ‘ನಾಟಿಯಿಂದ’ ಎಂಬ ಒಂದೇ ಪದ ಸಾಕಾಗಿತ್ತು. ಚಿತ್ರಕ್ಕೆ ಅಷ್ಟು ಜಾಗ ಕೊಟ್ಟವರು ಆ ಪದಕ್ಕೆ ಜಾಗ ಕೊಡದಿರುವುದು ನನ್ನ ದೃಷ್ಟಿಯಲ್ಲಿ ಸಣ್ಣ ವಿಷಯವಲ್ಲ, ಏಕೆಂದರೆ ಮೊದಲ ವರ್ಷವೇ ಹಸಿರು ಕಾಯಿಗಳನ್ನು ಹಿಮಕ್ಕೆ ಒಪ್ಪಿಸಿದವರಲ್ಲಿ ಎಷ್ಟೋ ಜನ ಎರಡನೆಯ ವರ್ಷ ಸನಿಕೆ ಹಿಡಿಯುವುದಿಲ್ಲ.

ಆಕೆ ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಚೀಲದಿಂದ ತಾವೇ ಉಳಿಸಿದ ಬೀಜದ ಕಾಗದದ ಲಕೋಟೆಯೊಂದನ್ನು ತೆಗೆದರು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದರ ಕೆಳಗೊಂದು ಬಿತ್ತಿದ್ದು, ನೆಟ್ಟಿದ್ದು, ಮೊದಲ ಹೂ, ಮೊದಲ ಹಣ್ಣು ಎಂದು ನಾಲ್ಕು ತಾರೀಖುಗಳಿದ್ದವು, ಬದಿಯಲ್ಲಿ ಸಣ್ಣಕ್ಷರದಲ್ಲಿ ‘ರಾತ್ರಿ ಚಳಿ, ಮೊದಲ ಗೊಂಚಲು ಉದುರಿತು’ ಎಂದಿತ್ತು. ನಾನು ನೋಡಿದ ಯಾವ ಪೊಟ್ಟಣದಲ್ಲೂ ಇಷ್ಟು ಉಪಯುಕ್ತವಾದ ಸಾಲು ಇರಲಿಲ್ಲ. ರಾತ್ರಿಯ ಉಷ್ಣಾಂಶ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಬಲಿಯುವುದಿಲ್ಲ, ಹೂವು ಕಾಯಿ ಕಚ್ಚದೆ ಉದುರುತ್ತದೆ. ಆದ್ದರಿಂದ ಚಿಕ್ಕ ಬೇಸಿಗೆಯಲ್ಲಿ ತಳಿ ಆರಿಸುವಾಗ ಎಷ್ಟು ಬೇಗ ಹೂ ಬಿಡುತ್ತದೆ ಎಂಬುದರ ಜೊತೆಗೆ, ತಂಪಿನಲ್ಲಿ ಬಿಟ್ಟ ಹೂವು ಕಾಯಿಯಾಗುತ್ತದೆಯೇ ಎಂಬುದನ್ನೂ ಕೇಳಬೇಕು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಒರೆಗಾನ್ ಸ್ಪ್ರಿಂಗ್’ ತಳಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಪರಾಗಸ್ಪರ್ಶವಾಗದಿದ್ದರೂ ಅದು ಕಾಯಿ ಕಟ್ಟಬಲ್ಲದು, ಹಾಗೆ ಬಂದ ಮೊದಲ ಹಣ್ಣುಗಳಲ್ಲಿ ಬೀಜ ಇರುವುದೇ ಕಡಿಮೆ.

ಲಕೋಟೆಯೊಳಗಿದ್ದುದು ‘ಸ್ಟುಪಿಸ್’, ಹಿಂದಿನ ಚೆಕೊಸ್ಲೊವಾಕಿಯಾದಿಂದ ಬಂದ ತಳಿ. ಎಲೆ ಆಲೂಗಡ್ಡೆ ಗಿಡದ ಎಲೆಯಂತೆ ಅಗಲ, ಹಣ್ಣು ಚಿಕ್ಕದು, ನಾಟಿಯಾದ ಎರಡು ತಿಂಗಳೊಳಗೆ ಹಣ್ಣು ಶುರು. ಪಕ್ಕದಲ್ಲಿ ನಿಂತಿದ್ದ ಒಬ್ಬರು ಕೇಳದೆಯೇ, “ಬೇಗ ಬರೋ ತಳಿಗಳಲ್ಲಿ ರುಚಿಯೇ ಇರೋದಿಲ್ಲ ಬಿಡಿ,” ಎಂದು ಬಾಯಿ ಹಾಕಿದರು. ಎಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವ ಇಂಥ ತಿಳಿವಳಿಕೆ ನನಗೆ ಸಹ್ಯವಾಗುವುದಿಲ್ಲ, ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ಎತ್ತರಕ್ಕೆ ಬೆಳೆದು ನಿಲ್ಲುವ, ಡಿಟರ್ಮಿನೇಟ್ ಎಂದು ಕರೆಯುವ ಪೊದೆ ತಳಿಗಳಲ್ಲಿ ಹಣ್ಣುಗಳ ಲೆಕ್ಕಕ್ಕೆ ಎಲೆ ಕಡಿಮೆ. ಸಕ್ಕರೆ ತಯಾರಾಗುವುದು ಎಲೆಯಲ್ಲೇ ಆದ್ದರಿಂದ ಅವುಗಳಲ್ಲಿ ಸಿಹಿ ತೆಳುವಾಗುವುದುಂಟು. ಅತಿ ಚಳಿಯ ಪ್ರದೇಶಗಳಿಗೆಂದೇ ಕೆನಡಾದಲ್ಲಿ ಬೆಳೆಸಿದ ‘ಸಬ್ ಆರ್ಕ್ಟಿಕ್ ಪ್ಲೆಂಟಿ’ ಇಂಥದ್ದು. ಅದು ಹಿಮಕ್ಕೆ ಮುನ್ನ ಹಣ್ಣು ಕೊಟ್ಟೇ ಕೊಡುತ್ತದೆ, ರುಚಿಗಾಗಿ ಅದನ್ನು ಯಾರೂ ಹೊಗಳುವುದಿಲ್ಲ. ‘ಸ್ಟುಪಿಸ್’, ‘ಮಟೀನಾ’ ಮುಂತಾದವು ಹಾಗಲ್ಲ. ಬಳ್ಳಿಯಂತೆ ಎತ್ತರಕ್ಕೆ ಹೋಗುತ್ತಲೇ ಇದ್ದು, ಎಲೆಯನ್ನೂ ಧಾರಾಳವಾಗಿ ಇಟ್ಟುಕೊಂಡು, ಹುಳಿ ಸಿಹಿ ಎರಡೂ ತುಂಬಿದ ಹಣ್ಣನ್ನು ಬೇಗನೆ ಕೊಡುತ್ತವೆ. ಕಿತ್ತಳೆ ಬಣ್ಣದ ಪುಟ್ಟ ಹಣ್ಣಿನ ‘ಸನ್‌ಗೋಲ್ಡ್’ ತಿಂದವರು ರುಚಿಯ ಬಗ್ಗೆ ಆ ಮಾತನ್ನು ಆಡಲಾರರು. ಅದು ಹೈಬ್ರಿಡ್ ಆದ್ದರಿಂದ ಅದರ ಬೀಜ ಉಳಿಸಿದರೆ ಮುಂದಿನ ವರ್ಷ ಅದೇ ಹಣ್ಣು ಬರುವುದಿಲ್ಲ ಎಂಬುದೊಂದೇ ಕೊರತೆ.

ಆ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಮೆಲುಕು ಹಾಕಿದಂತೆಲ್ಲ, ಅದನ್ನು ಇನ್ನೊಂದು ತುದಿಯಿಂದಲೂ ಕೇಳಬೇಕು ಅನಿಸಿತು. ಈ ದಿನಗಳು ಎಂದಿನವರೆಗೆ? ಅರಳಿದ ಹೂವು ಕೆಂಪು ಹಣ್ಣಾಗಲು ಪುಟ್ಟ ಹಣ್ಣಿನ ತಳಿಗಳಲ್ಲಿ ಸುಮಾರು ಆರು ವಾರ, ದಪ್ಪ ಹಣ್ಣಿನವುಗಳಲ್ಲಿ ಎರಡು ತಿಂಗಳ ಹತ್ತಿರ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಮೊದಲ ಹಿಮದ ದಿನದಿಂದ ಹಿಂದಕ್ಕೆ ಅಷ್ಟು ದಿನ ಎಣಿಸಿದರೆ, ಅದರ ಈಚೆಗೆ ಅರಳಿದ ಹೂವುಗಳೆಲ್ಲ ಗಿಡಕ್ಕೆ ಬರೀ ಹೊರೆ. ಹಿಮಕ್ಕೆ ಒಂದು ತಿಂಗಳಿರುವಾಗ ಕುಡಿ ಚಿವುಟಿ, ಹೊಸ ಹೂಗಳನ್ನೂ ತೆಗೆದುಬಿಡಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕಾಗಿ. ಹೂವು ಚಿವುಟಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಚಿವುಟದಿದ್ದರೆ ಬಲಿತ ಕಾಯಿಗಳಿಗೆ ಹೋಗಬೇಕಾದ ಶಕ್ತಿ ಎಂದೂ ಹಣ್ಣಾಗದ ಮಿಡಿಗಳಿಗೆ ಹಂಚಿಹೋಗುತ್ತದೆ. ಗಿಡ ದಿನಗಳನ್ನು ಎಣಿಸುವುದೇ ಇಲ್ಲ, ಬೆಚ್ಚನೆಯ ಗಂಟೆಗಳನ್ನು ಕೂಡಿಹಾಕುತ್ತಾ ಹೋಗುತ್ತದೆ. ಹಾಗಾಗಿ ಒಂದು ಊರಿನ 60 ದಿನ ಇನ್ನೊಂದು ಊರಿನಲ್ಲಿ 75 ಆಗಬಹುದು, ಒಂದೇ ತೋಟದಲ್ಲೂ ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ನೆಟ್ಟ ಗಿಡ ಬಯಲಿನ ಗಿಡಕ್ಕಿಂತ ಮೊದಲು ಹಣ್ಣು ಕೊಡಬಹುದು. ಬೇರೆಯವರ ಪೊಟ್ಟಣದ ಸಂಖ್ಯೆಗಿಂತ ಆಕೆಯ ಲಕೋಟೆಯ ನಾಲ್ಕು ತಾರೀಖುಗಳು ಆಕೆಯ ತೋಟಕ್ಕೆ ಹೆಚ್ಚು ನಂಬಿಕೆಗೆ ಅರ್ಹವಾಗಿರುವುದು ಇದರಿಂದಲೇ.

ಹುಡುಗನಿಗೆ ದೊಡ್ಡ ಹಣ್ಣಿನ ಆಸೆ ಹೋಗಲಿಲ್ಲ. ಆಕೆ ಬೇಡವೆನ್ನಲೂ ಇಲ್ಲ. “ಅದನ್ನ ಒಂದೇ ಒಂದು ಗಿಡ ಹಾಕು, ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟು, ಮಿಕ್ಕಿದ್ದೆಲ್ಲ ಬೇಗ ಬರೋದನ್ನೇ ಹಾಕು,” ಎಂದು ಅರ್ಧ ಲಕೋಟೆ ಬೀಜವನ್ನು ಅವನ ಅಂಗೈಗೆ ಸುರಿದರು. “ಕೊನೆಗೂ ಕಾಯಿ ಹಸಿರಾಗೇ ಉಳಿದುಬಿಟ್ಟರೆ?” ಎಂದು ಅವನು ಕೇಳಿದ. ತುದಿಯಲ್ಲಿ ಒಂದಿಷ್ಟು ನಸುಗೆಂಪು ಮೂಡಿದ್ದರೂ, ಹಸಿರಾಗಿಯೇ ಚೆನ್ನಾಗಿ ಬಲಿತಿದ್ದರೂ ಹಿಮಕ್ಕೆ ಮುನ್ನ ಕಿತ್ತು ಮನೆಯೊಳಗೆ ಇಟ್ಟರೆ ಹಣ್ಣಾಗುತ್ತದೆ, ಫ್ರಿಜ್ಜಿನಲ್ಲಿ ಮಾತ್ರ ಇಡಬೇಡ, ಅಲ್ಲಿನ ಥಂಡಿಗೆ ಹಣ್ಣಾಗುವುದೇ ನಿಂತುಹೋಗುತ್ತದೆ ಎಂದು ಆಕೆ ವಿವರಿಸಿದರು. ಅವನು ಅದನ್ನೂ ಫೋನಿನಲ್ಲಿ ಬರೆದುಕೊಂಡು, ಬೀಜವನ್ನು ಕಾಗದದಲ್ಲಿ ಮಡಚುತ್ತಾ, ನಾಟಿ ಮಾಡುವ ವಾರದಿಂದ ಏಳು ವಾರ ಹಿಂದಕ್ಕೆ ಎಣಿಸತೊಡಗಿದ.