ನೋರಾ ಬದಲಾಗಿದ್ದು ಕೊನೆಯ ಅಂಕದಲ್ಲಲ್ಲ

ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೊನೆಗೆ ನಾಯಕಿ ನೋರಾ ಗಂಡ, ಮಕ್ಕಳನ್ನು ಬಿಟ್ಟು ಬಾಗಿಲು ಎಳೆದುಕೊಂಡು ಹೊರಟುಬಿಡುವುದು. 1879ರಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲ ಪ್ರದರ್ಶನ ಆದಾಗಿನಿಂದ ಅದರದ್ದೇ ಚರ್ಚೆ. ಗಂಡನ ಕಣ್ಣು ತಪ್ಪಿಸಿ ಸಿಹಿ ತಿಂದು ಬಾಯಿ ಒರೆಸಿಕೊಳ್ಳುತ್ತಿದ್ದವಳು ಎರಡೇ ದಿನದಲ್ಲಿ ಇಷ್ಟು ಗಟ್ಟಿಗಿತ್ತಿ ಆಗೋದು ಸಾಧ್ಯವಾ ಅಂತ ಕೇಳುವವರೂ ಇದ್ದಾರೆ. ನನಗಂತೂ ಅದು ಎರಡು ದಿನದ ಕಥೆ ಅನ್ನಿಸುವುದೇ ಇಲ್ಲ.

ಮೊದಲ ಅಂಕವನ್ನೇ ನೋಡಿ. ಗಂಡ ಹೆಲ್ಮರ್ ಅವಳನ್ನು ಹಕ್ಕಿ ಅಂತಾನೆ, ಅಳಿಲು ಅಂತಾನೆ, ದುಂದುಗಾತಿ ಅಂತಾನೆ. ಇವಳು ನಗುತ್ತಾ ಕೇಳಿಸಿಕೊಳ್ಳುತ್ತಾಳೆ. ಆದರೆ ಗೆಳತಿ ಬಂದಾಗ ಬಾಯಿ ಬಿಡುತ್ತಾಳೆ. ಗಂಡನ ಜೀವ ಉಳಿಸಲು ಇಟಲಿಗೆ ಹೋಗಿಬಂದ ಖರ್ಚು ಅಪ್ಪ ಕೊಟ್ಟಿದ್ದಲ್ಲ, ತಾನೇ ಸಾಲ ತಂದಿದ್ದು! ಅದೂ ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಮಾಡುವ ಹಾಗೇ ಇಲ್ಲದ ಕಾಲದಲ್ಲಿ. ಅದನ್ನು ತೀರಿಸಲು ತನ್ನ ಬಟ್ಟೆಬರೆಗೆ ಅಂತ ಕೊಟ್ಟ ದುಡ್ಡಲ್ಲಿ ಉಳಿಸಿದ್ದಾಳೆ. ಹಿಂದಿನ ಚಳಿಗಾಲದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲಾ ಕಾಗದಪತ್ರದ ನಕಲು ಬರೆದುಕೊಟ್ಟು ಸಂಪಾದಿಸಿದ್ದಾಳೆ. ಸುಸ್ತಾಗುತ್ತಿತ್ತು, ಆದರೂ ಹಾಗೆ ಕೂತು ದುಡಿಯುವುದು ಒಂಥರಾ ಖುಷಿ, ಗಂಡಸೇ ಆದ ಹಾಗೆ ಅನ್ನಿಸುತ್ತಿತ್ತು ಅಂತಾಳೆ. ನನ್ನ ಪ್ರಕಾರ ಅವಳ ಸ್ವಾತಂತ್ರ್ಯ ಶುರುವಾಗಿದ್ದು ಅಲ್ಲೇ.

ಹಾಗಂತ ಅವಳು ವೇಷ ಹಾಕಿಕೊಂಡ ಜಾಣೆ ಮಾತ್ರ ಅಂದರೆ ಅದೂ ಸುಳ್ಳು. ಆ ವೇಷವನ್ನು ಅವಳೂ ಅರ್ಧ ನಂಬಿದ್ದಾಳೆ. ಸಾಲ ಕೊಟ್ಟ ಕ್ರಾಗ್‌ಸ್ಟಾಡ್, ಅವಳು ಸಾಲಪತ್ರಕ್ಕೆ ಅಪ್ಪನ ಸಹಿಯನ್ನು ತಾನೇ ಹಾಕಿದ್ದನ್ನು ಬರೆದು ಹೆಲ್ಮರ್‌ಗೆ ಕಾಗದ ಹಾಕುತ್ತಾನೆ. ಅಂಚೆಪೆಟ್ಟಿಗೆಯ ಬೀಗದ ಕೈ ಇರುವುದು ಹೆಲ್ಮರ್ ಹತ್ತಿರ ಮಾತ್ರ. ಬೀಗದಲ್ಲಿ ಮುರಿದ ಹೇರ್‌ಪಿನ್ ಸಿಕ್ಕಿಕೊಂಡಿದ್ದು ಅವನ ಕಣ್ಣಿಗೆ ಬಿದ್ದಾಗ ಇವಳು ಮಕ್ಕಳ ಕೆಲಸ ಇರಬೇಕು ಅಂದುಬಿಡುತ್ತಾಳೆ. ಇದು ಕೊನೆಯ ಅಂಕ ಕಣ್ರೀ! ಇನ್ನು ಸ್ವಲ್ಪ ಹೊತ್ತಿಗೆ ಮನೆ ಬಿಡುವವಳು ಇನ್ನೂ ಹಳೇ ಚಾಳಿಯಲ್ಲೇ ಇದ್ದಾಳೆ.

ಅವಳಿಗಿದ್ದ ಒಂದೇ ನಂಬಿಕೆ, ವಿಷಯ ಬಯಲಾದರೆ ಗಂಡ ಎಲ್ಲವನ್ನೂ ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾನೆ ಅನ್ನೋದು. ಆಗಿದ್ದೇ ಬೇರೆ. ಕಾಗದ ಓದಿದವನು ಸುಳ್ಳುಗಾತಿ, ಅಪರಾಧಿ ಅಂತ ಬೈದು, ಮಕ್ಕಳನ್ನು ಬೆಳೆಸಲು ನೀನು ಲಾಯಕ್ಕಲ್ಲ, ಆದರೆ ಜನರ ಕಣ್ಣಿಗೆ ಕಾಣುವ ಹಾಗೆ ಮನೆಯಲ್ಲೇ ಬಿದ್ದಿರು ಅಂತಾನೆ. ಅಷ್ಟರಲ್ಲಿ ಕ್ರಾಗ್‌ಸ್ಟಾಡ್‌ನಿಂದ ಸಾಲಪತ್ರ ವಾಪಸ್ ಬರುತ್ತದೆ. ಆಗ ಅವನ ಬಾಯಲ್ಲಿ ಮೊದಲು ಬರುವುದು 'ನಾನು ಬಚಾವಾದೆ!' ನೋರಾ ಕೇಳುತ್ತಾಳೆ: 'ಮತ್ತೆ ನಾನು?' ಇಡೀ ನಾಟಕದಲ್ಲಿ ನನಗೆ ಜಾಸ್ತಿ ಚುಚ್ಚುವುದು ಇದೇ.

ಆಮೇಲೆ ಅವಳು ಕೂಗಾಡುವುದಿಲ್ಲ. ಅದೇ ರಾತ್ರಿ ಪಾರ್ಟಿಯಲ್ಲಿ ಕುಣಿಯಲು ಹಾಕಿದ್ದ ಬಟ್ಟೆ ಕಳಚಿ ದಿನಬಳಕೆಯದ್ದು ಹಾಕಿಕೊಂಡು ಬಂದು, ಗಂಡನನ್ನು ಎದುರಿಗೆ ಕೂರಿಸಿಕೊಳ್ಳುತ್ತಾಳೆ. ಮದುವೆಯಾಗಿ ಎಂಟು ವರ್ಷ ಆಯ್ತು, ನಾವಿಬ್ಬರೂ ಕೂತು ಗಂಭೀರವಾಗಿ ಮಾತಾಡುತ್ತಿರುವುದು ಇದೇ ಮೊದಲು ಅಲ್ವಾ ಅಂತಾಳೆ.

ಮಕ್ಕಳನ್ನು ಬಿಟ್ಟುಹೋದಳಲ್ಲ ಅನ್ನುವ ತಕರಾರು ಆಗಲೂ ಇತ್ತು. ಜರ್ಮನಿಯ ನಟಿಯೊಬ್ಬಳು ಹಾಗೆ ಅಭಿನಯಿಸಲ್ಲ ಅಂದಿದ್ದಕ್ಕೆ, ಬೇರೆಯವರು ಕೆಡಿಸುವುದಕ್ಕಿಂತ ತಾನೇ ಮಾಡುವುದು ಮೇಲು ಅಂತ ಇಬ್ಸೆನ್ ಇನ್ನೊಂದು ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ನೋರಾ ಮಲಗಿದ ಮಕ್ಕಳನ್ನು ನೋಡಿ ಉಳಿದುಬಿಡುತ್ತಾಳೆ. ಅವನಿಗೇ ಅದು ಸುತರಾಂ ಇಷ್ಟ ಇರಲಿಲ್ಲ. ಆದರೆ ಎರಡನೇ ಅಂಕದಲ್ಲೇ ಅವಳು ತನ್ನನ್ನು ಸಾಕಿದ ದಾದಿಯನ್ನು, ನಿನ್ನ ಮಗಳನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಹೇಗೆ ಬಂತು ಅಂತ ಕೇಳಿರುತ್ತಾಳೆ. ಅಲ್ಲಿಂದಲೇ ಲೆಕ್ಕ ಹಾಕುತ್ತಿದ್ದಾಳೆ.

ಹೊರಡುವಾಗಲೂ ಅಷ್ಟೇ, ಎಲ್ಲಾ ವಿವರವಾಗಿ ಹೇಳುತ್ತಾಳೆ. ಈ ರಾತ್ರಿ ಗೆಳತಿಯ ಮನೆ, ನಾಳೆ ತನ್ನ ಹಳೇ ಊರು, ಅಲ್ಲಾದರೆ ಏನಾದರೂ ಕೆಲಸ ಸಿಗುವುದು ಸುಲಭ. ದುಡ್ಡು ಕಳಿಸ್ತೀನಿ ಅಂತ ಹೆಲ್ಮರ್ ಅಂದರೆ, ಪರಿಚಯ ಇಲ್ಲದವರಿಂದ ನಾನೇನೂ ತಗೊಳ್ಳಲ್ಲ ಅಂತಾಳೆ.