ಸರ್ಕಾರದ ಲೈಬ್ರರಿಗೆ ನೀವ್ಯಾಕೆ ಚಂದಾ ಎತ್ತುತ್ತೀರಿ?

"ಅದು ಸರ್ಕಾರದ ಲೈಬ್ರರಿ ಅಲ್ವಾ? ಅದಕ್ಕೆ ನೀವ್ಯಾಕೆ ದುಡ್ಡು ಎತ್ತೋದು?"

ಕೊಡಗಿನ ಗೋಣಿಕೊಪ್ಪದ ಸಂತೆಯಲ್ಲಿ ಕೇಳುತ್ತಾರೆ, ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ, ಹಾಕಿ ಪಂದ್ಯದ ಗ್ಯಾಲರಿಯಲ್ಲೂ ಬಿಡುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಚಿಕ್ಕ ಉತ್ತರ ಬೇಕಾದವರು ಈ ಪ್ಯಾರಾ ಓದಿ ಹೋಗಬಹುದು. ಸರ್ಕಾರದ ದುಡ್ಡು ಲೆಕ್ಕಶೀರ್ಷಿಕೆ ಹೊತ್ತು ಬರುತ್ತದೆ: ಸಂಬಳ, ಪುಸ್ತಕ ಖರೀದಿ, ಕಟ್ಟಡ. ಲೈಬ್ರರಿ ಹಾಳಾಗಲು ಶುರುವಾಗುವುದು ಈ ಮೂರಕ್ಕೂ ಸೇರದ ಕಡೆ. ಜಾರಿದ ಎರಡು ಹೆಂಚು, ಕಿತ್ತ ಬೈಂಡು, ಸುಟ್ಟ ಟ್ಯೂಬ್‌ಲೈಟು, ಒರೆಸದ ಕಪಾಟು. ಇನ್ನೂರು ರೂಪಾಯಿಯ ಕೆಲಸಕ್ಕೆ ಅಂದಾಜುಪಟ್ಟಿ ಮಾಡಿ, ಮಂಜೂರಾತಿಗೆ ಕಳಿಸಿ, ಅದು ವಾಪಸು ಬರುವಷ್ಟರಲ್ಲಿ ಆಟಿ ತಿಂಗಳ ಮಳೆ ಒಳಗೆ ಬಂದು ಕೂತಿರುತ್ತದೆ. ಆ ಇನ್ನೂರು ರೂಪಾಯಿಗೂ ಆ ಕೈಕೆಲಸಕ್ಕೂ ನಾವು, ಅಂದರೆ ಲೈಬ್ರರಿಗಾಗಿ ಚಂದಾ ಎತ್ತುವ ನಮ್ಮ ಸಂಘ, ಇರುವುದು. ಮುಗಿಯಿತು.

ಮುಗಿಯುವುದಿಲ್ಲ ಎಂದು ಗೊತ್ತು. ಏಕೆಂದರೆ ಇದನ್ನು ಯಾರೂ ಉತ್ತರ ಬೇಕೆಂದು ಕೇಳುವುದಿಲ್ಲ, ಜೇಬಿನಿಂದ ಅರ್ಧ ಹೊರಬಂದ ಪರ್ಸನ್ನು ಗೌರವದಿಂದ ಒಳಗೆ ಕಳಿಸಲು ಕೇಳುತ್ತಾರೆ. ಸರ್ಕಾರಿ ಶಾಲೆಯ ಕ್ರೀಡಾಕೂಟಕ್ಕೆ ಕಪ್ ಕೊಡಿಸುವಾಗ ಈ ಪ್ರಶ್ನೆ ಹೊಳೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ವೀಲ್‌ಚೇರ್ ಕೊಟ್ಟು ಆರು ಜನ ಅದನ್ನು ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುವಾಗಲೂ ಹೊಳೆಯುವುದಿಲ್ಲ. ಲೈಬ್ರರಿಯ ರಸೀದಿ ಪುಸ್ತಕ ಕಂಡ ಕೂಡಲೇ ಎಲ್ಲರೂ ಸಾರ್ವಜನಿಕ ಹಣಕಾಸಿನ ಪಂಡಿತರು.

"ನಾವು ಟ್ಯಾಕ್ಸ್ ಕಟ್ಟಲ್ವಾ?" ಕಟ್ಟುತ್ತೀರಿ. ಎಷ್ಟು ಅಂತ ನೋಡೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ. 6. ನಿಮ್ಮ ಮನೆ ತೆರಿಗೆ ವರ್ಷಕ್ಕೆ 2000 ರೂಪಾಯಿ ಎಂದಿಟ್ಟುಕೊಳ್ಳಿ, ಗ್ರಂಥಾಲಯದ ಪಾಲು 120. ದಿನಕ್ಕೆ 33 ಪೈಸೆ. ಅದೂ ಸ್ಥಳೀಯ ಸಂಸ್ಥೆಯಲ್ಲಿ ವಸೂಲಾಗಿ, ಅಲ್ಲಿಂದ ಗ್ರಂಥಾಲಯದ ಲೆಕ್ಕಕ್ಕೆ ದಾಟಬೇಕು. ಕೊಡಗಿನದು ಇನ್ನೊಂದು ವಿಚಿತ್ರ. ಈ ಜಿಲ್ಲೆಯ ದುಡ್ಡು ಇರುವುದು ಕಾಫಿ, ಕರಿಮೆಣಸಿನ ತೋಟದಲ್ಲಿ. ಕರ ಬೀಳುವುದು ಕಟ್ಟಡದ ತೆರಿಗೆಯ ಮೇಲೆ. ಐವತ್ತು ಎಕರೆ ತೋಟದ ಯಜಮಾನರ ಗ್ರಂಥಾಲಯ ಕರ ಅವರ ಮನೆಯ ಹಂಚಿನ ಲೆಕ್ಕದಲ್ಲಿ ಬರುತ್ತದೆ, ಗಿಡದ ಲೆಕ್ಕದಲ್ಲಿ ಬರುವುದಿಲ್ಲ. ಶ್ರೀಮಂತ ಜಿಲ್ಲೆ ಎಂದು ಹೊರಗಿನವರು ಅಂದುಕೊಂಡ ಕಡೆ ಲೈಬ್ರರಿಯ ಗಂಟು ತೆಳ್ಳಗಿರುವುದು ಹೀಗೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ತೀರಿಸುತ್ತೇನೆ. ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿರುತ್ತದೆ. ಹಾಗಾಗಿ ಹೊಸ ಕಪಾಟು ಕೊಡುವ ಮೊದಲು ಯಾರ ಅನುಮತಿ ಬೇಕೆಂದು ಕೇಳಿಕೊಳ್ಳಿ. ಪಂಚಾಯಿತಿಯದಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಇಲಾಖೆಯದಾದರೆ ಗ್ರಂಥಾಲಯಾಧಿಕಾರಿ. ಉತ್ಸಾಹದಲ್ಲಿ ನೇರ ಕಪಾಟು ಇಳಿಸಿ ಹೋದರೆ ಅದು ಯಾವ ದಾಸ್ತಾನು ವಹಿಯಲ್ಲೂ ಇಲ್ಲದ ವಸ್ತುವಾಗಿ ಮೂಲೆ ಸೇರುತ್ತದೆ.

"ಸರಿ, ದುಡ್ಡು ಬೇಡ. ಮನೇಲಿ ಹಳೇ ಪುಸ್ತಕ ಒಂದು ಮೂಟೆ ಇದೆ, ಕಳಿಸ್ತೀನಿ."

ದಯವಿಟ್ಟು ಕಳಿಸಬೇಡಿ. ಕನಿಷ್ಠ ಮೂಟೆಯಲ್ಲಿ ಕಳಿಸಬೇಡಿ. ಕಾಫಿ ಗೋಣಿಚೀಲದಲ್ಲಿ ಬಂದ ಪುಸ್ತಕದ ಬೆನ್ನು ಮುರಿದಿರುತ್ತದೆ, ಚೀಲದ ದೂಳೂ ಹುಳವೂ ಉಚಿತ. ಚಿಕ್ಕ ರಟ್ಟಿನ ಪೆಟ್ಟಿಗೆ, ಹನ್ನೆರಡರಿಂದ ಹದಿನೈದು ಕಿಲೋ ಮೀರದಂತೆ. ಅದಕ್ಕೂ ಮೊದಲು ಪುಸ್ತಕಗಳ ಬೆನ್ನು ಕಾಣುವಂತೆ ಜೋಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿ. ಯಾವುದು ಬೇಕು, ಯಾವುದು ಬೇಡ ಎಂದು ಐದು ನಿಮಿಷದಲ್ಲಿ ಹೇಳಬಹುದು. ಪಠ್ಯಕ್ರಮ ಬದಲಾದ ಪಿಯುಸಿ ಗೈಡು, ಮೂರು ವರ್ಷ ಹಿಂದಿನ ಪ್ರಚಲಿತ ವಿದ್ಯಮಾನ, ತೆರಿಗೆ ಕೈಪಿಡಿ, ಸಂಪುಟ ಎಂಟು ಮಾತ್ರ ಇರುವ ವಿಶ್ವಕೋಶ, ಡೈರಿ (ಹೌದು, ಬರೆದ ಡೈರಿ) ಇವು ಬೇಡ. ಮಕ್ಕಳ ಕಥೆಪುಸ್ತಕ ಎಷ್ಟಿದ್ದರೂ ಬೇಕು. ಅವು ಓದಿ ಓದಿಯೇ ಹರಿಯುತ್ತವೆ. ಕೂಡಿಗೆಯ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯ ಪುಸ್ತಕ, ಎನ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ ಪರೀಕ್ಷೆಯವು ಈ ವರ್ಷದ್ದಾದರೆ ಬಂದ ದಿನವೇ ಖಾಲಿ. ಇನ್ನು ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಅಟ್ಟದಲ್ಲಿ ಕೊಡವ ತಕ್ಕ್ (ಕೊಡವ ಭಾಷೆ), ಅರೆಭಾಷೆಯ ಹಳೆಯ ಪುಸ್ತಕ, ಹಳೆಯ ಸ್ಮರಣಸಂಚಿಕೆ ಇದ್ದರೆ ಅದನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ತೋರಿಸಿ. 1924ರಲ್ಲಿ ಬಂದ ಕೊಡವ ಜಾನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯ ಮೊದಲ ಮುದ್ರಣದಂಥದ್ದು ರಟ್ಟು ಹೋಗಿದೆ ಎಂಬ ಕಾರಣಕ್ಕೆ ಕಿಲೋ ಲೆಕ್ಕದಲ್ಲಿ ಹೋಗಬಾರದು.

ಪುಸ್ತಕ ಉಚಿತ ಎನ್ನುವುದೂ ತಪ್ಪು ಲೆಕ್ಕ. ಬಂದ ಪ್ರತಿ ಪುಸ್ತಕಕ್ಕೆ ಮುದ್ರೆ ಒತ್ತಬೇಕು (ಶೀರ್ಷಿಕೆ ಪುಟಕ್ಕೊಂದು, ಲೈಬ್ರರಿಯವರಿಗಷ್ಟೇ ಗೊತ್ತಿರುವ ಒಳಗಿನ ಗುಪ್ತ ಪುಟಕ್ಕೊಂದು), ಪ್ರವೇಶ ವಹಿಯಲ್ಲಿ (ಬಂದ ಪುಸ್ತಕಗಳ ದಾಖಲೆಯಲ್ಲಿ) ಸಂಖ್ಯೆ ಕೊಡಬೇಕು, ವರ್ಗೀಕರಿಸಬೇಕು, ಬೆನ್ನಿಗೆ ಚೀಟಿ, ಒಳಗೆ ದಿನಾಂಕದ ಚೀಟಿ ಅಂಟಿಸಬೇಕು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814 ಎಂದು ಬಾಯಿಪಾಠ ಬಂದವರಿಗೂ ಒಂದು ಪುಸ್ತಕಕ್ಕೆ ಹದಿನೈದು ನಿಮಿಷ ಬೇಕು. ಇನ್ನೂರು ಪುಸ್ತಕ ಎಂದರೆ ಐವತ್ತು ಗಂಟೆ. ಹುದ್ದೆಯಲ್ಲಿರುವುದು ಒಬ್ಬರು, ಅವರೇ ಬಾಗಿಲು ತೆರೆಯಬೇಕು, ಪತ್ರಿಕೆ ಹಾಕಬೇಕು, ಪುಸ್ತಕ ಕೊಟ್ಟು ತೆಗೆದುಕೊಳ್ಳಬೇಕು. ಆ ಐವತ್ತು ಗಂಟೆ ಎಲ್ಲಿಂದ? ಸ್ವಯಂಸೇವಕರಿಂದ. ಎನ್‌ಎಸ್‌ಎಸ್ ವಿದ್ಯಾರ್ಥಿಗೆ ವರ್ಷಕ್ಕೆ 120 ಗಂಟೆ ಸೇವೆ ಇದೆ. ರಸ್ತೆ ಗುಡಿಸಿ ಫೋಟೊ ತೆಗೆಸುವ ಬದಲು ಇಲ್ಲಿ ಇಬ್ಬರನ್ನು ಕೂರಿಸಿದರೆ ಒಂದು ಸೆಮಿಸ್ಟರಿನಲ್ಲಿ ಬಾಕಿ ರಾಶಿ ಕರಗುತ್ತದೆ. ನಿವೃತ್ತ ಮೇಷ್ಟರುಗಳು ವರ್ಗೀಕರಣಕ್ಕೆ ಒಳ್ಳೆಯವರು, ಆದರೆ ಪ್ರತಿ ಪುಸ್ತಕವನ್ನೂ ಓದಿಯೇ ಮುಂದೆ ಹೋಗುತ್ತಾರೆ. ನಿವೃತ್ತ ಸುಬೇದಾರರು ಕಪಾಟು ಜೋಡಿಸಿದರೆ ಪುಸ್ತಕಗಳು ಎತ್ತರದ ಪ್ರಕಾರ ಸಾವಧಾನ್ ನಿಂತಿರುತ್ತವೆ, ವಿಷಯದ ಪ್ರಕಾರ ಮತ್ತೆ ಜೋಡಿಸಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಯಾರೂ ಸಿಗುವುದಿಲ್ಲ. ಕಾಫಿ ಕುಯ್ಲು. ಅದನ್ನು ಒಪ್ಪಿಕೊಂಡೇ ಪಾಳಿ ಪಟ್ಟಿ ಹಾಕಬೇಕು.

ಪಾಳಿಗೆ ಯಾವಾಗಲೂ ಇಬ್ಬರು. ಬೀಗದ ಕೈ ಗ್ರಂಥಪಾಲಕರ ಹತ್ತಿರ. ಸದಸ್ಯತ್ವದ ಠೇವಣಿ ದುಡ್ಡನ್ನು ಸ್ವಯಂಸೇವಕರು ಮುಟ್ಟುವ ಹಾಗಿಲ್ಲ. ಪ್ರವೇಶ ಸಂಖ್ಯೆ ಬಿದ್ದ ಪುಸ್ತಕ ಸರ್ಕಾರದ ಸ್ವತ್ತು. ಅದು ಎಷ್ಟೇ ಹರಿದಿರಲಿ, ಆದೇಶವಿಲ್ಲದೆ ತೆಗೆದುಹಾಕಿದರೆ ಅದರ ಬೆಲೆ ಗ್ರಂಥಪಾಲಕರ ತಲೆಗೆ ಬರುತ್ತದೆ. ಹಳೇ ಪುಸ್ತಕ ಮಾರಾಟಕ್ಕೆ ಇಡಬಹುದಾದದ್ದು ಸಂಖ್ಯೆ ಬೀಳದ, ನಮ್ಮ ಸಂಘಕ್ಕೆಂದೇ ಬಂದ ಎರಡನೇ ಪ್ರತಿಗಳನ್ನು ಮಾತ್ರ.

ಈಗ ನಾನೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ, ಬೇರೆ ಯಾರೂ ಕೇಳುವ ಲಕ್ಷಣವಿಲ್ಲವಾದ್ದರಿಂದ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪುಸ್ತಕಗಳು ಹೇಗೆ ಬದುಕುತ್ತವೆ?

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು, ಕುಶಾಲನಗರದ ಕಡೆ ತೀರಾ ಕಡಿಮೆ. ಕುಶಾಲನಗರದಲ್ಲಿ ನಡೆಯುವ ಉಪಾಯ ಭಾಗಮಂಡಲದಲ್ಲಿ ನಡೆಯುವುದಿಲ್ಲ. ಕೋಣೆಯ ಸಾಪೇಕ್ಷ ಆರ್ದ್ರತೆ (ಗಾಳಿಯಲ್ಲಿನ ತೇವದ ಪ್ರಮಾಣ) ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಶುರು. ಮೊದಲು ಬೆನ್ನಿನ ಬಟ್ಟೆ, ಆಮೇಲೆ ರಟ್ಟು, ಆಮೇಲೆ ಹಾಳೆಯ ಅಂಚು. ಆದ್ದರಿಂದ ಮೊದಲ ಖರ್ಚು ಕೆಲವು ನೂರು ರೂಪಾಯಿಯ ಆರ್ದ್ರತಾ ಮಾಪಕ. ಅದಿಲ್ಲದೆ ಉಳಿದದ್ದೆಲ್ಲ ಊಹೆ.

ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತ ಒಂದಿದೆ: ಜುಲೈನಲ್ಲಿ "ಗಾಳಿಯಾಡಲಿ" ಎಂದು ಕಿಟಕಿ ತೆರೆಯುವುದು. ಬರುವ ಗಾಳಿ ಒಳಗಿರುವುದಕ್ಕಿಂತ ಒದ್ದೆ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ತೇವ ಹೀರುವ ಯಂತ್ರ ಓಡಿಸಿ. ಯಂತ್ರದ ನೀರಿನ ತೊಟ್ಟಿ ತುಂಬಿದಾಗ ಚೆಲ್ಲಲು ಒಬ್ಬರು ಬೇಕು, ಇಲ್ಲವೇ ಪೈಪು ಹೊರಗೆ ಬಿಡಬೇಕು. ಕರೆಂಟು ಹೋದರೆ ಯಂತ್ರ ಸುಮ್ಮನಾಗುತ್ತದೆ, ನಮ್ಮಲ್ಲಿ ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋಗುತ್ತದೆ. ಹಾಗಾಗಿ ಯಂತ್ರ ನಂಬಿ ಕೂರದೆ ಕಪಾಟನ್ನೇ ಸರಿ ಇಡಬೇಕು. ಮಳೆ ಹೊಡೆಯುವ ಹೊರಗೋಡೆಗೆ ತಾಗಿಸದೆ ಕನಿಷ್ಠ ಮೂರು ಇಂಚು ಬಿಡಿ, ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಲಿ, ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ಬೆರಳು ಹೋಗುವಷ್ಟು ಸಡಿಲ ಇರಲಿ. ಗಾಜಿನ ಬಾಗಿಲಿನ ಬೀರು ನೋಡಲು ಚಂದ, ತೇವ ಒಳಗೆ ಸಿಕ್ಕಿಕೊಂಡರೆ ಹೊರಬರುವುದಿಲ್ಲ. ಬೀರುವಿನೊಳಗೆ ಬಲ್ಬ್ ಹಾಕಿ ಬೆಚ್ಚಗಿಡುವ ಹಳೇ ಪದ್ಧತಿಯನ್ನು ಈಗ ಎಲ್‌ಇಡಿ ಬಲ್ಬಿನಲ್ಲಿ ಮುಂದುವರಿಸುವವರಿದ್ದಾರೆ. ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ಹಳೇ ತಂತಿಯ ಬಲ್ಬು ಕಾಗದಕ್ಕೆ ತಾಗಿದರೆ ಇನ್ನೊಂದೇ ಕಥೆ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಸಿಲಿಕಾ ಜೆಲ್ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲಸ ಮಾಡುತ್ತದೆ, ತೆರೆದ ಕಪಾಟಿನಲ್ಲಿ ಇಟ್ಟರೆ ಅಲಂಕಾರ.

ಬೂಷ್ಟು ಬಂದೇ ಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅದು ಕಾಗದದ ಒಳಕ್ಕೆ ಇಳಿಯುತ್ತದೆ. ಕಪಾಟಿನ ಮುಂದೆಯೇ ಪುಸ್ತಕ ಬಡಿದರೆ ಬೀಜಕಣ ಪಕ್ಕದ ನೂರಕ್ಕೆ ಹಂಚಿದಂತೆ. ಆ ಪುಸ್ತಕವನ್ನು ಚೀಲದಲ್ಲಿ ಹಾಕಿ ಹೊರಗೆ ಒಯ್ದು, ಗಾಳಿಯಾಡುವ ಒಣ ನೆರಳಿನಲ್ಲಿ ಆರಿಸಿ, ಎನ್95 ಮಾಸ್ಕ್ ಹಾಕಿಕೊಂಡು, ಎರಡಿಂಚಿನ ಮೆತ್ತನೆ ಪೇಂಟ್ ಬ್ರಷ್‌ನಲ್ಲಿ ಬೆನ್ನಿನಿಂದ ಹೊರಕ್ಕೆ ಒಣದಾಗಿ ಉಜ್ಜಬೇಕು. ಮಳೆ ನೀರಲ್ಲೇ ನೆನೆದದ್ದಾದರೆ ಎರಡು ದಿನಗಳೊಳಗೆ ಕೈಹಾಕಬೇಕು. ಹಾಳೆಗಳ ನಡುವೆ ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಇಟ್ಟು ಬದಲಿಸುತ್ತಾ ಹೋಗಬೇಕು. ನುಣುಪು ಕಾಗದದ ಚಿತ್ರಪುಸ್ತಕವನ್ನು ಒದ್ದೆ ಇರುವಾಗಲೇ ಬಿಡಿಸದಿದ್ದರೆ ಒಣಗಿದ ಮೇಲೆ ಇಟ್ಟಿಗೆಯೇ. ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಕ್ಕೆ ಹಳದಿ ಕಲೆ ಬಿಟ್ಟು ಉದುರುತ್ತದೆ. ಮೈದಾ ಅಂಟು ಬೆಳ್ಳಿಹುಳಕ್ಕೆ ಹಬ್ಬದೂಟ. ಹಳೇ ಬೈಂಡರುಗಳು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದುದು ಸುಮ್ಮನೆ ಅಲ್ಲ.

ಇದರಲ್ಲಿ ಬಹುಪಾಲು ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಹೆಂಚು ಬದಲಿಸುವುದು, ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ತುಂಬಿದ ಸಿಲ್ವರ್ ಓಕ್ ಎಲೆ ತೆಗೆಯುವುದು, ಕಪಾಟು ಸರಿಸುವುದು. ಅಂದರೆ ದುಡ್ಡು ಏಪ್ರಿಲ್‌ಗೆ ಕೈಯಲ್ಲಿರಬೇಕು. ಕಾಫಿ ಮಾರಿದ ದುಡ್ಡು ಓಡಾಡುವುದೂ ಮದುವೆಗಳು ನಡೆಯುವುದೂ ಸುಮಾರು ಆಗಲೇ. ನಾವು ಮದುವೆ ಊಟದ ಸಾಲಿನಲ್ಲಿ ರಸೀದಿ ಪುಸ್ತಕ ಹಿಡಿದು ಕಾಣಿಸುವುದಕ್ಕೆ ಇದು ಕಾರಣ. ನಾಚಿಕೆ ಇಲ್ಲದ್ದೂ ಒಂದು ಕಾರಣ.

ಕಪಾಟಿಗೆ ದಾನಿಗಳು ಸಿಗುತ್ತಾರೆ, ಏಕೆಂದರೆ ಅದರ ಮೇಲೆ ಹೆಸರು ಬರೆಸಬಹುದು. ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರೂ ಹಿಡಿಸುವುದಿಲ್ಲ. ಹೀಗಾಗಿ ನಮ್ಮ ನಿಯಮ: ಕಪಾಟು ಕೊಡುವವರಿಂದ ಅದರ ಐದು ವರ್ಷದ ನಿರ್ವಹಣೆಗೂ ಒಂದಿಷ್ಟು. ಲಕ್ಕಿ ಡಿಪ್ ಕೂಪನ್ ಮಾರಿ ಎನ್ನುವವರಿಗೆ: ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷಿದ್ಧ, ಬಹುಮಾನದ ಆಸೆಗೆ ಟಿಕೆಟ್ ಮಾರಿ ಲೈಬ್ರರಿಯ ಹೆಸರು ಠಾಣೆಗೆ ಒಯ್ಯುವ ಆಸೆ ನಮಗಿಲ್ಲ. ವಿದೇಶದ ನೆಂಟರು ಕಳಿಸುತ್ತಾರೆ ಎನ್ನುವವರಿಗೆ: ಭಾರತದ ಪಾಸ್‌ಪೋರ್ಟ್ ಇರುವವರು ಕಳಿಸಬಹುದು, ಒಸಿಐ ಕಾರ್ಡ್‌ನವರು (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು) ಕಾನೂನಿನ ಕಣ್ಣಿಗೆ ವಿದೇಶಿ ಮೂಲ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅವರಿಂದ ಒಂದು ರೂಪಾಯಿ ಪಡೆದರೂ ತೊಂದರೆ. ಬೇಸರ ಮಾಡಿಕೊಳ್ಳಬೇಡಿ.

ಲೆಕ್ಕ ಕೇಳುವವರು ಕೇಳಿ, ಅದು ನಿಮ್ಮ ಹಕ್ಕು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ, ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿ, ಕ್ರಮಸಂಖ್ಯೆ ಇರುವ ರಸೀದಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ. ಇಷ್ಟಿಲ್ಲದ ಯಾರೇ ಲೈಬ್ರರಿ ಹೆಸರಲ್ಲಿ ಬಂದರೂ ಕೊಡಬೇಡಿ. ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ (80ಜಿ ಎಂದು ಕರೆಯುವುದು) ಬೇಕಿದ್ದರೆ ಸಂಘಕ್ಕೆ ಆ ಅನುಮೋದನೆ ಇದೆಯೇ ಎಂದು ಮೊದಲು ಕೇಳಿ. ಇದ್ದರೂ 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು, ಚೆಕ್ ಅಥವಾ ಯುಪಿಐ ಮಾಡಿ.

"ಹಾಗಾದ್ರೆ ಎಷ್ಟು ಕೊಡ್ಲಿ?" ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಸಿದ್ಧ. ಒಂದು ದಿನಪತ್ರಿಕೆಯ ಒಂದು ವರ್ಷದ ಚಂದಾ. ಅದು ಹೆಚ್ಚಾಯಿತೆಂದರೆ ಒಂದು ಪುಸ್ತಕದ ಬೈಂಡಿಂಗ್. ಅದೂ ಬೇಡವೆಂದರೆ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಣಿ ತನ್ನಿ, ದೋಣಿಯ ಎಲೆ ತೆಗೆಯುವುದಿದೆ. ಏಣಿ ಇಲ್ಲದಿದ್ದರೂ ಬನ್ನಿ, ಕೆಳಗೆ ಹಿಡಿದುಕೊಳ್ಳಲು ಒಬ್ಬರು ಬೇಕು.